ಅನ್ವಿತಾ ಅಬ್ಬಿ ಅವರ ಅಂಡಮಾನಿ ಕಥೆ-ಹಾಡುಗಳ ಪುಸ್ತಕ: ಓದೋದಕ್ಕಿಂತ ಕೇಳೋದಕ್ಕೆ ಕೊಳ್ಳಿ

ಭಾಷಾವಿಜ್ಞಾನಿ ಅನ್ವಿತಾ ಅಬ್ಬಿ ಅವರನ್ನು ಎಲ್ಲಿಂದ ಓದಲು ಶುರು ಮಾಡಬೇಕು ಅಂತ ಯಾರಾದರೂ ಕೇಳಿದರೆ ನಾನು ಹೇಳೋದು ‘ವಾಯ್ಸಸ್ ಫ್ರಮ್ ದ ಲಾಸ್ಟ್ ಹೊರೈಜನ್’. 2021ರಲ್ಲಿ ನಿಯೋಗಿ ಬುಕ್ಸ್ ತಂದದ್ದು, ಇಂಗ್ಲಿಷಿನಲ್ಲಿದೆ. ಅಂಡಮಾನ್ ದ್ವೀಪಗಳ ಮೂಲನಿವಾಸಿಗಳಾದ ಗ್ರೇಟ್ ಅಂಡಮಾನೀಸ್ ಜನರ 10 ಕಥೆ, 46 ಹಾಡು. ಹೇಳಿದವರ, ಹಾಡಿದವರ ದನಿಯೂ ರೆಕಾರ್ಡಿಂಗ್ ರೂಪದಲ್ಲಿ ಜೊತೆಗೇ ಸಿಗುತ್ತದೆ. ಅದನ್ನು ಕೇಳದೆ ಸುಮ್ನೆ ಪುಟ ತಿರುವಿದರೆ ಅರ್ಧ ದುಡ್ಡು ದಂಡ.

ಅಬ್ಬಿ ಹುಟ್ಟಿದ್ದು 1949ರಲ್ಲಿ, ಆಗ್ರಾದಲ್ಲಿ, ಹಿಂದಿ ಸಾಹಿತಿಗಳ ಮನೆಯಲ್ಲಿ. ದೆಹಲಿಯಲ್ಲಿ ಮೊದಲು ಅರ್ಥಶಾಸ್ತ್ರ ಓದಿ, ಆಮೇಲೆ ಭಾಷಾವಿಜ್ಞಾನಕ್ಕೆ ಬಂದು, 1975ರಲ್ಲಿ ಅಮೆರಿಕದ ಕಾರ್ನೆಲ್‌ನಲ್ಲಿ ಪಿಎಚ್‌ಡಿ ಮುಗಿಸಿದರು. ಮುಂದೆ ಜೆಎನ್‌ಯುನಲ್ಲಿ ಪಾಠ. ನಾವು ‘ಕಾಫಿ ಗೀಫಿ ಆಯ್ತಾ’ ಅಂತೀವಲ್ಲ, ಇಂಥ ಮಾತಿನ ಬಗ್ಗೆಯೇ, ದಕ್ಷಿಣ ಏಷ್ಯಾದ ಭಾಷೆಗಳನ್ನೆಲ್ಲ ಜೊತೆಗಿಟ್ಟುಕೊಂಡು, 1992ರಲ್ಲಿ ಒಂದು ಪುಸ್ತಕ ಬರೆದಿದ್ದಾರೆ. ಅಂಡಮಾನಿಗೆ ಹೋಗಿದ್ದು 2001ರಲ್ಲಿ. ಐವತ್ತು ದಾಟಿದ ಮೇಲೆ ದ್ವೀಪಕ್ಕೆ ಹೋಗಿ, ಬೆರಳೆಣಿಕೆಯ ಜನ ಮಾತ್ರ ಆಡುವ ಭಾಷೆಯನ್ನು ಮೊದಲಿಂದ ಕಲಿಯೋದು ಅಂದ್ರೆ ಸಾಮಾನ್ಯವಾ? ಈ ಗ್ರೇಟ್ ಅಂಡಮಾನೀಸ್ ಭಾಷೆ ಅಂಡಮಾನಿನದೇ ಬೇರೆ ಬುಡಕಟ್ಟುಗಳಾದ ಜಾರವಾ, ಓಂಗೆಗಳ ಭಾಷೆಗಳ ನಂಟಿನದಲ್ಲ, ಬೇರೆಯದೇ ಕುಟುಂಬದ್ದು ಎಂದು ಅವರು ವಾದಿಸಿದರು. 2012ರಲ್ಲಿ ನಿಘಂಟು, 2013ರಲ್ಲಿ ವ್ಯಾಕರಣ ಬಂತು. ಪದ್ಮಶ್ರೀ ಬಂದದ್ದೂ 2013ರಲ್ಲೇ.

ವ್ಯಾಕರಣ ನಮ್ಮಂಥವರಿಗೆ ಕಬ್ಬಿಣದ ಕಡಲೆ. ಆದರೆ ಅದರ ತಿರುಳು ಏನು ಅನ್ನೋದು ಅಬ್ಬಿಯವರೇ ಬೇರೆ ಕಡೆ ಬರೆದ ಒಂದು ಪ್ರಸಂಗದಿಂದ ಗೊತ್ತಾಗುತ್ತದೆ. ರಕ್ತಕ್ಕೆ ಏನಂತೀರಿ ಎಂದು ಆ ಭಾಷೆ ಆಡುತ್ತಿದ್ದ ನಾವೋ ಜೂನಿಯರ್ ಎಂಬವರನ್ನು ಕೇಳಿದ್ದಾರೆ. ಆತ ಇವರನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿ ಸುಮ್ಮನಿದ್ದರಂತೆ. ಬಿಡದೆ ಕೇಳಿದಾಗ, ರಕ್ತ ಎಲ್ಲಿಂದ ಬರ್ತಿದೆ ಅಂತ ಆತನೇ ತಿರುಗಿ ಕೇಳಿದರು. ಬೆರಳಿಂದ ಅಂದಾಗ ತಕ್ಷಣ ಬಂತು ಉತ್ತರ: ‘ಓಂಗ್‌ತೇಯ್’. ಕಾಲಿಂದ ಬಂದರೆ ‘ಓತೇಯ್’, ಒಳಗೆ ಸೋರಿದರೆ ‘ಎತೇಯ್’. ದೇಹವನ್ನು ಏಳು ಭಾಗ ಮಾಡಿಕೊಂಡು, ಆ ಭಾಗದ ಗುರುತನ್ನು ಮಾತಿಗೆ ಅಂಟಿಸುವ ಭಾಷೆ ಇದು. ಎಲ್ಲಿಯದು ಅಂತ ಹೇಳದೆ ಬರೀ ರಕ್ತ ಅನ್ನೋಕೇ ಆಗಲ್ಲ!

ಈ ನಾವೋ ಜೂನಿಯರ್ ಹೇಳಿದ ಕಥೆಗಳೇ ಈ ಪುಸ್ತಕದ ಜೀವ. ಒಂದು ಕಥೆಯಲ್ಲಿ ಜಿರೋ ಮಿಥೆ ಎಂಬವನನ್ನು ದೊಡ್ಡ ಮೀನೊಂದು ನುಂಗುತ್ತದೆ, ಕಥೆ ಮುಗಿಯುವ ಹೊತ್ತಿಗೆ ಅವನ ಕಡೆಯವರು ಹಕ್ಕಿಗಳಾಗಿರುತ್ತಾರೆ. ಅಲ್ಲಿನವರಿಗೆ ಹಕ್ಕಿ ಅಂದರೆ ಹಿರಿಯರು, ಅದಕ್ಕೇ ತಿನ್ನುವುದಿಲ್ಲ. ಗ್ರೇಟ್ ಅಂಡಮಾನೀಸ್ ಭಾಷೆಗಳಲ್ಲಿ ಒಂದಾದ ಬೋ ಭಾಷೆ ಬಲ್ಲ ಕೊನೆಯವರಾಗಿದ್ದ ಬೋವಾ ಸೀನಿಯರ್ ಹಕ್ಕಿಗಳ ಜೊತೆ ಮಾತಾಡುತ್ತಿದ್ದರು ಎಂದು ಅಬ್ಬಿ ಹೇಳಿದ್ದನ್ನು ಮೊದಲೇ ಓದಿದ್ದೆ. ಅಜ್ಜಿಗೆ ಒಂಟಿತನ ಪಾಪ ಅಂದುಕೊಂಡು ಬಿಟ್ಟಿದ್ದವನಿಗೆ, ಈ ಕಥೆ ಓದಿದ ಮೇಲೆ ಅದು ನೆಂಟರ ಜೊತೆಗಿನ ಮಾತು ಅಂತ ಅನಿಸಿತು. ನಾವೋ ಜೂನಿಯರ್ 2009ರಲ್ಲಿ ತೀರಿಕೊಂಡರು, ಬೋವಾ 2010ರ ಜನವರಿಯಲ್ಲಿ.

ಕೊರತೆ ಇಲ್ಲ ಅಂತಲ್ಲ. ಹಾಡುಗಳು ತೀರಾ ಪುಟ್ಟವು, ಕಾಗದದ ಮೇಲೆ ಪೇಲವ. ಒಂದೇ ಸಾಲು ಮತ್ತೆ ಮತ್ತೆ ಬಂದಾಗ ಓದುವವರಿಗೆ ಬೇಜಾರಾಗಬಹುದು. ಕಥೆಗಳೂ ನಾವು ಕಾಯುವ ಕಡೆ ತಿರುಗೋದಿಲ್ಲ. ಅಬ್ಬಿ ಅದನ್ನು ಚಂದ ಮಾಡಲು ಹೋಗಿಲ್ಲ, ಅದು ನನಗೆ ಇಷ್ಟವಾಯ್ತು. ಅವರ ಸ್ವಂತ ಬದುಕಿನ ಬಗ್ಗೆ ಇನ್ನಷ್ಟು ಜಾಸ್ತಿ ಇದ್ದಿದ್ದರೆ ಅನಿಸಿದ್ದೂ ನಿಜ.

ಜಾನಪದದಲ್ಲಿ ಆಸಕ್ತಿ ಇರುವವರು ಕಣ್ಣು ಮುಚ್ಚಿಕೊಂಡು ಕೊಳ್ಳಬಹುದು. ಭಾಷಾವಿಜ್ಞಾನದ ವಿದ್ಯಾರ್ಥಿಗಳಾದರೆ ವ್ಯಾಕರಣವನ್ನು ಲೈಬ್ರರಿಯಲ್ಲಿ ಹುಡುಕಿ, ಇದನ್ನು ಮಾತ್ರ ಸ್ವಂತಕ್ಕೆ ಇಟ್ಟುಕೊಳ್ಳಿ.