ಅಘನಾಶಿನಿ ಕೊಳ್ಳದ ಸಿಂಗಳೀಕ ಕಾಡು: ಬೆಳಗಾವಿಯಿಂದ ಹೊರಡುವ ಮುಂಚೆ

ದಾಂಡೇಲಿಯ ಜೀಪು ಸಫಾರಿಯ ಲೆಕ್ಕ ಇಟ್ಟುಕೊಂಡು ಸಿದ್ದಾಪುರದ ಕಡೆ ಹೊರಟರೆ ನಿರಾಶೆ ಖಂಡಿತ. ಅಘನಾಶಿನಿ ಕೊಳ್ಳದಲ್ಲಿ ದುಡ್ಡು ಕೊಟ್ಟು ಕುಳಿತರೆ ಪ್ರಾಣಿ ತೋರಿಸುವ ಏರ್ಪಾಡಿಲ್ಲ. ಎತ್ತರದ ಎಲೆಗಳ ನಡುವೆ ಒಂದು ಕೊಂಬೆ ಅಲುಗುವುದನ್ನು ಅರ್ಧ ತಾಸು ಕತ್ತೆತ್ತಿ ಕಾಯುವ ತಾಳ್ಮೆ ಇದ್ದವರಿಗೆ ಇದು ಜಾಗ. ಅಂಥವರಿಗೆ ಬೆಳಗಾವಿಯಿಂದ ಒಂದು ದಿನದ ದಾರಿಯೊಳಗೆ ಇದಕ್ಕಿಂತ ಬೆಲೆಯುಳ್ಳ ಕಾಡು ಇಲ್ಲ ಎಂದೇ ನಮ್ಮ ಅಭಿಪ್ರಾಯ.

ಇಲ್ಲಿರುವುದು ಸಿಂಗಳೀಕ ಎಂಬ ಕೋತಿ. ಮೈಯೆಲ್ಲ ಕಪ್ಪು, ಮುಖದ ಸುತ್ತ ಬೂದುಬಿಳುಪಿನ ಕೇಸರ, ಅಷ್ಟೇನೂ ಉದ್ದವಲ್ಲದ ಬಾಲದ ತುದಿಯಲ್ಲಿ ಸಿಂಹಕ್ಕಿರುವಂತೆ ಒಂದು ಕುಚ್ಚು. ಪಶ್ಚಿಮ ಘಟ್ಟದ ಕರ್ನಾಟಕ, ಕೇರಳ, ತಮಿಳುನಾಡಿನ ಭಾಗ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ಕಾಡಿನಲ್ಲಿ ಬದುಕಿಲ್ಲ. ಶಿರಸಿ–ಹೊನ್ನಾವರದ ನಡುವಿನ ಈ ಕಾಡು ಅದರ ಉತ್ತರದ ಕೊನೆಯ ನೆಲೆ. 2000ರ ದಶಕದ ಆರಂಭದಲ್ಲಿ ವನ್ಯಜೀವಿ ಸಂಶೋಧಕರಾದ ಎಚ್.ಎನ್. ಕುಮಾರ ಮತ್ತು ಮೇವಾ ಸಿಂಗ್ ಇಲ್ಲಿ ಸುತ್ತಾಡಿ 32 ಗುಂಪು, ಸುಮಾರು 638 ಸಿಂಗಳೀಕಗಳಿವೆ ಎಂದು ದಾಖಲಿಸಿದರು. ಆ ಲೆಕ್ಕ ಬರುವವರೆಗೆ ಈ ಕೊಳ್ಳದ ಬೆಲೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿರಲಿಲ್ಲ. 2011ರಲ್ಲಿ 299.52 ಚದರ ಕಿ.ಮೀ. ಕಾಡನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. 2019ರಲ್ಲಿ ಅದನ್ನು ಶರಾವತಿ ಕಣಿವೆಯ ಅಭಯಾರಣ್ಯದೊಂದಿಗೆ ಕೂಡಿಸಿ, ನಡುವಿನ ಮೀಸಲು ಅರಣ್ಯವನ್ನೂ ಸೇರಿಸಿ, 930.16 ಚದರ ಕಿ.ಮೀ.ಯ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಮಾಡಿದರು. ಹಳೆಯ ನಕ್ಷೆ ಹಿಡಿದು ಹೋಗುವವರು ಈ ಹೆಸರಿನ ಬದಲಾವಣೆ ನೆನಪಿಡಬೇಕು. ಕಾನೂನೂ ಅದರೊಂದಿಗೆ ಬದಲಾಗಿದೆ.

ಖಾನಾಪುರದ ಭೀಮಗಡದಲ್ಲೂ ಸಿಂಗಳೀಕ ಇದೆ ಎಂದು ನಮ್ಮ ಕಡೆ ಹಲವರು ನಂಬಿದ್ದಾರೆ. ಇಲ್ಲ. 2011ರಲ್ಲೇ ಅಭಯಾರಣ್ಯವಾದ ಭೀಮಗಡದ ಹೆಮ್ಮೆ ಬಾರಾಪೇಡೆ ಗುಹೆಯ ಅಪರೂಪದ ಬಾವಲಿ. ಅಲ್ಲಿ ಮರದ ಮೇಲೆ ಕಾಣುವುದು ಉದ್ದ ಬಾಲದ ಮುಸುವ ಮತ್ತು ಸಾಮಾನ್ಯ ಮಂಗ. ಘಟ್ಟದ ಮೇಲೆ ಉತ್ತರಕ್ಕೆ ಹೋದಂತೆ ಮಳೆಯಿಲ್ಲದ ತಿಂಗಳು ಹೆಚ್ಚುತ್ತವೆ, ನಿತ್ಯಹರಿದ್ವರ್ಣದ ಮರಗಳ ಬಗೆ ಕಡಿಮೆಯಾಗುತ್ತದೆ. ಸಿಂಗಳೀಕಕ್ಕೆ ಮುಖ್ಯವಾಗಿ ಹಣ್ಣು ಬೇಕು, ಅದೂ ಹನ್ನೆರಡು ತಿಂಗಳೂ ಒಂದಲ್ಲ ಒಂದು ಮರದಲ್ಲಿ ಇರಬೇಕು. ಮುಸುವನಾದರೆ ಹಣ್ಣು ಮುಗಿದ ತಿಂಗಳಲ್ಲಿ ಎಲೆ ತಿಂದು ದಿನ ದೂಡುತ್ತದೆ. ಸಿಂಗಳೀಕದ ಹೊಟ್ಟೆ ಅದಕ್ಕೆ ಒಗ್ಗಿದ್ದಲ್ಲ.

ಈ ಕಾಡನ್ನು ಅರ್ಥ ಮಾಡಿಕೊಳ್ಳಲು ಮೇಲ್ಗಡೆ ನೋಡಬೇಕು, ಮರ ಮರದ ನಡುವಿನ ಸಂದು ಎಷ್ಟಿದೆ ಎಂದು. ಸಿಂಗಳೀಕ ಬಹುಪಾಲು ದಿನ ನೆಲಕ್ಕಿಳಿಯದೆ ಕಳೆಯುವ ಪ್ರಾಣಿ. ಕೊಂಬೆಗೆ ಕೊಂಬೆ ತಾಗಿದ್ದರೆ ಅದಕ್ಕೆ ಹೆದ್ದಾರಿ, ಇಲ್ಲದಿದ್ದರೆ ಗೋಡೆ. ಶಿರಸಿ, ಸಿದ್ದಾಪುರದ ಕಾಡು ಒಂದೇ ಹಾಸಿನಂತೆ ಹರಡಿಲ್ಲ. ಒಂದು ಕಾನು, ಅಂದರೆ ದಟ್ಟ ನಿತ್ಯಹರಿದ್ವರ್ಣ ಕಾಡಿನ ತುಂಡು, ಆಮೇಲೆ ಅಡಿಕೆ ತೋಟ, ತೋಟಕ್ಕೆ ಸೊಪ್ಪು ಕೊಡುವ ಬೆಟ್ಟ, ಅಕೇಶಿಯಾ ನೆಡುತೋಪು, ಮತ್ತೆ ಒಂದು ಕಾನು. ಸೊಪ್ಪಿನ ಬೆಟ್ಟದಲ್ಲಿ ಮರದ ಕೊಂಬೆಯನ್ನು ವರ್ಷ ವರ್ಷ ಕಡಿಯುವುದರಿಂದ ಮರ ನಿಂತಿರುತ್ತದೆ, ಆದರೆ ನೆತ್ತಿ ಕೂಡುವುದಿಲ್ಲ. ಹೀಗೆ ಕಾಡು ಇದ್ದೂ ದಾರಿ ಇಲ್ಲದಂತಾಗುತ್ತದೆ. ಅಕೇಶಿಯಾ ತೋಪು ದೂರದಿಂದ ಹಸಿರಾಗಿ ಕಂಡರೂ ಸಿಂಗಳೀಕಕ್ಕೆ ತಿನ್ನಲು ಅಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಎರಡು ಕಾನುಗಳ ನಡುವೆ ಹತ್ತು ದೊಡ್ಡ ಮರ ಉಳಿದಿದ್ದರೆ ಆ ಹತ್ತು ಮರದ ಬೆಲೆ ಕಾಡಿನೊಳಗಿನ ನೂರು ಮರಕ್ಕಿಂತ ಹೆಚ್ಚು.

ತುಂಡಾದ ಕಾಡು ಈ ಪ್ರಾಣಿಗೆ ಇಷ್ಟು ಕುತ್ತಾಗಲು ಕಾರಣ ಅದರ ನಿಧಾನದ ಸಂತಾನ. ಹೆಣ್ಣು ಮೊದಲ ಮರಿ ಹಾಕುವುದು ಸುಮಾರು ಆರು ವರ್ಷ ದಾಟಿದ ಮೇಲೆ. ಒಂದು ಸಲಕ್ಕೆ ಒಂದೇ ಮರಿ, ಮುಂದಿನದಕ್ಕೆ ಸಾಮಾನ್ಯವಾಗಿ ಎರಡೂವರೆ ವರ್ಷ ಕಾಯಬೇಕು. ಹತ್ತಿಪ್ಪತ್ತರ ಗುಂಪಿನಲ್ಲಿ ಬೆಳೆದ ಗಂಡು ಬಹುತೇಕ ಒಂದೇ. ಮರಿಗಂಡು ಬೆಳೆದು ಬೇರೆ ಗುಂಪು ಹುಡುಕಿ ಹೊರಡಬೇಕಾದಾಗ ದಾರಿ ಕಡಿದಿದ್ದರೆ, ನೆಲಕ್ಕಿಳಿದು ನಾಯಿ ಮತ್ತು ವಾಹನದ ನಡುವೆ ದಾಟಬೇಕು. ಒಂದು ಹೆಣ್ಣು ಸತ್ತರೆ ಆ ಗುಂಪು ಚೇತರಿಸಿಕೊಳ್ಳಲು ವರ್ಷಗಳು ಬೇಕು.

ಆಹಾರದ ವಿಷಯ ಹೇಳದಿದ್ದರೆ ಈ ವಿಮರ್ಶೆ ಅರ್ಧವಾಗುತ್ತದೆ, ಏಕೆಂದರೆ ಯಾವ ಮರ ಹಣ್ಣಾಗಿದೆ ಎಂದು ಗೊತ್ತಿದ್ದವರಿಗೇ ಪ್ರಾಣಿ ಕಾಣುವುದು. ಬೈನೆ, ಹೆಬ್ಬಲಸು, ಹಲಸು, ಗೋಳಿ–ಅತ್ತಿಯ ಜಾತಿಗಳು, ರಾಮಪತ್ರೆ, ಉಪ್ಪಾಗೆ. ಇದರಲ್ಲಿ ಹುಳಿ ಹಣ್ಣು ಬಿಡುವ ಉಪ್ಪಾಗೆಯ ಕಥೆ ತೊಡಕಿನದು. ಮಳೆಗಾಲದಲ್ಲಿ ಸಿಂಗಳೀಕಕ್ಕೆ ಮುಖ್ಯ ಆಹಾರಗಳಲ್ಲೊಂದಾದ ಇದರ ಸಿಪ್ಪೆಗೆ ಮಾರುಕಟ್ಟೆಯಲ್ಲೂ ಒಳ್ಳೆ ಬೆಲೆ. ಕಾಡಂಚಿನ ಮನೆಗಳಿಗೆ ಅದು ನಿಜವಾದ ಆದಾಯ, ತಪ್ಪು ಎನ್ನಲಾಗದು. ಆದರೆ ಬೇರೆಯವರು ಕೊಯ್ದುಬಿಟ್ಟಾರು ಎಂಬ ಆತುರಕ್ಕೆ ಕಾಯಿ ಬಲಿಯುವ ಮುಂಚೆಯೇ ಕೊಂಬೆ ಸಮೇತ ಕಡಿದರೆ ಮೂರು ನಷ್ಟ: ಸಿಪ್ಪೆಯ ತೂಕ ಕಡಿಮೆ, ಮುಂದಿನ ವರ್ಷದ ಫಸಲು ಕಡಿಮೆ, ಕೋತಿಗೆ ಊಟವಿಲ್ಲ. ಮಳೆಯಲ್ಲಿ ಸಿಪ್ಪೆ ಒಣಗಿಸಲು ಸುಡುವ ಕಟ್ಟಿಗೆಯ ಲೆಕ್ಕ ಬೇರೆ. ಆ ಕಡೆ ಉಪ್ಪಾಗೆ ಸಿಪ್ಪೆಯನ್ನೋ ಅದರ ಬೀಜದ ತುಪ್ಪವನ್ನೋ ಕೊಳ್ಳುವವರು ಹಣ್ಣಾದ ಮೇಲೆ ಕೊಯ್ದದ್ದೇ, ಏನು ಉರಿಸಿ ಒಣಗಿಸಿದ್ದು ಎಂದು ಕೇಳಿ ಕೊಳ್ಳುವುದು ಒಳ್ಳೆಯದು. ಕೇಳುವವರಿದ್ದರೆ ಕೊಯ್ಯುವ ರೀತಿಯೂ ಬದಲಾಗುತ್ತದೆ.

ಇನ್ನು ದಾರಿ. ಬೆಳಗಾವಿಯಿಂದ ಹುಬ್ಬಳ್ಳಿ ಸುಮಾರು 95 ಕಿ.ಮೀ., ಅಲ್ಲಿಂದ ಶಿರಸಿ ನೂರರ ಆಸುಪಾಸು, ಶಿರಸಿಯಿಂದ ಸಿದ್ದಾಪುರ 36 ಕಿ.ಮೀ. ಸ್ವಂತ ಗಾಡಿ ಇದ್ದರೆ ಖಾನಾಪುರ, ಅಳ್ನಾವರ, ಹಳಿಯಾಳ, ಯಲ್ಲಾಪುರದ ಮೇಲೆ ಹೋಗಬಹುದು. ದೂರ ಕಡಿಮೆ, ನೆರಳು ಹೆಚ್ಚು, ಆದರೆ ಕತ್ತಲಾದ ಮೇಲೆ ಆ ದಾರಿ ಬೇಡ. ವಿಜಯಪುರ, ಬಾಗಲಕೋಟೆಯವರು ಹುಬ್ಬಳ್ಳಿಯ ಮೇಲೆಯೇ ಬರುವುದು ಸರಿ. ಹೋಗಿ ಅದೇ ದಿನ ತಿರುಗಿ ಬರುವ ಯೋಚನೆ ಬಿಡಿ. ಪ್ರಾಣಿ ಚುರುಕಾಗಿ ಓಡಾಡುವುದು ಮುಂಜಾನೆ ಆರೂವರೆಯಿಂದ ಹತ್ತರವರೆಗೆ, ಮತ್ತೆ ಮೂರರ ಮೇಲೆ. ಮಧ್ಯಾಹ್ನ ಹನ್ನೆರಡಕ್ಕೆ ತಲುಪಿದವರಿಗೆ ಸಿಗುವುದು ಖಾಲಿ ಕೊಂಬೆ. ಎರಡು ರಾತ್ರಿ ಸಿದ್ದಾಪುರದ ಸುತ್ತ ಉಳಿದರೆ ಎರಡು ಮುಂಜಾನೆಗಳು ಸಿಗುತ್ತವೆ. ಅಷ್ಟು ಕೊಟ್ಟರೂ ಕಾಣದೆ ಬರುವ ಸಾಧ್ಯತೆ ಇದ್ದೇ ಇದೆ.

ತೋಟದ ಮನೆಗಳಲ್ಲಿ ಉಳಿಯುವ ವ್ಯವಸ್ಥೆ ಸುತ್ತಲೂ ಇದೆ. ಊಟ ಚೆನ್ನಾಗಿರುತ್ತದೆ, ಮಾತೂ ಚೆನ್ನಾಗಿರುತ್ತದೆ. ಫೋನಿನಲ್ಲಿ ಮಾತಾಡುವಾಗಲೇ ಒಂದು ಪ್ರಶ್ನೆ ಕೇಳಿ: ಸಿಂಗಳೀಕ ಎಲ್ಲಿ ಕಾಣುತ್ತದೆ? 'ಹಣ್ಣು ಇಟ್ಟಿರ್ತೇವೆ, ಅಂಗಳಕ್ಕೇ ಬರ್ತದೆ' ಎಂಬ ಉತ್ತರ ಬಂದರೆ ಆ ಮನೆ ಬೇಡ. 'ಹೇಳೋಕೆ ಬರೋದಿಲ್ಲ, ಈಗ ಯಾವ ಮರ ಹಣ್ಣಾಗಿದ್ಯೋ ಅಲ್ಲಿ ನೋಡ್ಬೇಕು' ಎನ್ನುವವರ ಮನೆಯೇ ಸರಿ.

ಅಭಯಾರಣ್ಯದೊಳಗೆ ಕಾಲುದಾರಿ ಹಿಡಿಯಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಸಾರ್ವಜನಿಕ ರಸ್ತೆಯಲ್ಲಿ ಸಾಗಲು ಬೇಡ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಮಿನಲ್ಲೇ ಇದಿದೆ. ಪ್ರಾಣಿಯನ್ನು ಕೆಣಕುವುದು, ಕಸ ಎಸೆಯುವುದು ಅಪರಾಧ ಎನ್ನುವುದೂ ಅದೇ ಕಲಮು. ಹಾಗೆ ನೋಡಿದರೆ ಮೊದಲ ಸಲ ಹೋಗುವವರಿಗೆ ಒಳಗೆ ನುಗ್ಗುವ ಅಗತ್ಯವೇ ಇಲ್ಲ. ರಸ್ತೆಯ ಬದಿಯಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಐದು ನಿಮಿಷ ಮಾತಾಡದೆ ನಿಂತರೆ ಕಿವಿಗೇ ಬಹಳಷ್ಟು ಗೊತ್ತಾಗುತ್ತದೆ. ಎಲೆಯ ಮೇಲೆ ಟಪ್ ಟಪ್ ಎಂದು ಹಣ್ಣಿನ ಚೂರು ಬೀಳುವ ಸದ್ದು ಮೊದಲ ಸುಳಿವು. ಮೇಲೆ ನೋಡಿದಾಗ ಕೊಂಬೆ ದಡಬಡ ಬಾಗಿ, ಉದ್ದ ಬಾಲ ಜೋತುಬಿದ್ದರೆ ಅದು ಮುಸುವ. ಕೆಂಚಳಿಲಾದರೆ ಒಂಟಿಯಾಗಿರುತ್ತದೆ, ಬಣ್ಣವೇ ಹೇಳುತ್ತದೆ. ಸಿಂಗಳೀಕದ ಗುಂಪು ಚದುರಿ ಚದುರಿ ಮೇಯುತ್ತದೆ, ಕೊಂಬೆಯ ಮೇಲೆ ನಾಲ್ಕು ಕಾಲಲ್ಲಿ ನಿಧಾನ ನಡೆಯುತ್ತದೆ, ಒಂದನ್ನೊಂದು ತಪ್ಪಿಸಿಕೊಳ್ಳದಿರಲು ಸಣ್ಣಗೆ 'ಕೂ' ಎನ್ನುತ್ತಿರುತ್ತದೆ. ಗಲ್ಲದ ಚೀಲ ತುಂಬಿಕೊಂಡು ಉಬ್ಬಿದ ಮುಖ ಕಂಡರೆ ಗುಂಪು ಆ ಮರದಿಂದ ಹೊರಡುವ ಹೊತ್ತಾಯಿತೆಂದು ತಿಳಿಯಬಹುದು. ಹಿಂದೆ ಬೀಳಬೇಡಿ. 30 ಮೀಟರಿಗಿಂತ ಹತ್ತಿರ ಬೇಡ. ಗಂಡು ಹಲ್ಲು ತೋರಿಸಿ ಆಕಳಿಸಿದಂತೆ ಮಾಡಿದರೆ ಅದು ನಿದ್ದೆಯಲ್ಲ, ಹಿಂದೆ ಸರಿಯಿರಿ ಎಂಬ ಎಚ್ಚರಿಕೆ.

ದುರ್ಬೀನು 8x42 ಇರಲಿ. ಹತ್ತು ಪಟ್ಟಿನದು ಕೈ ನಡುಗಿದರೆ ಚಿತ್ರ ಕುಣಿಸುತ್ತದೆ, ಕತ್ತೆತ್ತಿ ನೋಡುವಾಗ ಕೈ ನಡುಗದೆ ಇರುವುದಿಲ್ಲ. ದಟ್ಟ ನೆರಳಿನಲ್ಲಿ ಅಗಲ ಮಸೂರವೇ ಬೆಳಕು ತರುವುದು, 8x25ರ ಸಣ್ಣ ದುರ್ಬೀನಿನಲ್ಲಿ ಕಪ್ಪು ಪ್ರಾಣಿ ಕಪ್ಪು ಚುಕ್ಕೆಯಾಗಿಯೇ ಉಳಿಯುತ್ತದೆ. ಕ್ಯಾಮೆರಾದವರ ಸಾಮಾನ್ಯ ಸೋಲು ಬೆಳಕಿನ ಅಳತೆಯಲ್ಲಿ. ಹಿಂದೆ ಬಿಳಿ ಆಕಾಶವಿದ್ದರೆ ಯಂತ್ರ ಮೋಸಹೋಗಿ ಸಿಂಗಳೀಕವನ್ನು ಮಸಿಗುಡ್ಡೆ ಮಾಡುತ್ತದೆ, ಆಗ ಬೆಳಕನ್ನು ಒಂದೂವರೆ ಮೆಟ್ಟಿಲು (ಸ್ಟಾಪ್) ಹೆಚ್ಚಿಸಿ. ಚೌಕಟ್ಟಿನ ತುಂಬ ಕಪ್ಪು ಮೈಯೇ ಇದ್ದರೆ ಮುಕ್ಕಾಲು ಮೆಟ್ಟಿಲು ಇಳಿಸಿ, ಇಲ್ಲದಿದ್ದರೆ ಕೇಸರ ಬೆಳ್ಳಗೆ ಸುಟ್ಟುಹೋಗುತ್ತದೆ. ಫ್ಲ್ಯಾಶ್ ಬೇಡವೇ ಬೇಡ.

ಜೂನ್‌ನಿಂದ ಸೆಪ್ಟೆಂಬರ್ ಉಂಬಳದ (ಜಿಗಣೆಯ) ಕಾಲ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಮೇಲಿನಿಂದ ಹೊಗೆಸೊಪ್ಪಿನ ಪುಡಿ ಹಚ್ಚಿದರೆ ಸಾಕು. ಉಂಬಳ ಕಚ್ಚಿದರೆ ಕಿರಿಕಿರಿ ಅಷ್ಟೆ, ಅಪಾಯವಿಲ್ಲ. ಭಯಪಡಬೇಕಾದದ್ದು ಮಂಗನ ಕಾಯಿಲೆ ಹರಡುವ ಉಣುಗಿಗೆ (ಉಣ್ಣೆಗೆ). ಕಾಡು ನೋಡಲು ಅನುಕೂಲವಾದ ನವೆಂಬರ್‌ನಿಂದ ಮುಂದಿನ ತಿಂಗಳುಗಳೇ ಮಂಗನ ಕಾಯಿಲೆಯ ಕಾಲವೂ ಹೌದು. ಡಿಸೆಂಬರ್‌ನಿಂದ ಮೇ ತನಕ ಹೆಚ್ಚು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಸಿದ್ದಾಪುರ ತಾಲೂಕಿನಲ್ಲಿ ಜೀವ ತೆಗೆದಿದೆ. ತುಂಬು ತೋಳಿನ, ತಿಳಿಬಣ್ಣದ ಬಟ್ಟೆ ಹಾಕಿ, ಬಣ್ಣ ತಿಳಿಯಾಗಿದ್ದರೆ ಹತ್ತುವ ಉಣುಗು ಕಣ್ಣಿಗೆ ಬೀಳುತ್ತದೆ. ಆರೋಗ್ಯ ಕೇಂದ್ರದಲ್ಲಿ ಕೊಡುವ, ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ, ಕಟ್ಟಿಕೊಂಡ ರೊಟ್ಟಿ ಬುತ್ತಿ ಬಿಚ್ಚುವುದಿದ್ದರೆ ಊರಿಗೆ ಬಂದು ಬಿಚ್ಚಿ. ಸಂಜೆ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೋ ಅರಣ್ಯ ಕಚೇರಿಗೋ ತಿಳಿಸಿ. ಉಣುಗು ಕಚ್ಚಿದ 3ರಿಂದ 8 ದಿನದೊಳಗೆ ಜ್ವರ ಬರುತ್ತದೆ, ಅಂದರೆ ನೀವು ಬೆಳಗಾವಿಗೆ ತಿರುಗಿ ಬಂದ ಮೇಲೆ. ಒಮ್ಮೆಲೇ ಜೋರು ಜ್ವರ, ತಲೆ ಸಿಡಿತ, ಮೈಕೈ ನೋವು ಬಂದರೆ ವೈದ್ಯರಿಗೆ 'ಸಿದ್ದಾಪುರದ ಕಾಡಿಗೆ ಹೋಗಿದ್ದೆ' ಎಂಬ ಮಾತನ್ನು ಮೊದಲೇ ಹೇಳಬೇಕು. ಬಯಲುಸೀಮೆಯ ದವಾಖಾನೆಯಲ್ಲಿ ಡೆಂಗಿ, ಟೈಫಾಯ್ಡ್ ಎಂದು ಪರೀಕ್ಷಿಸುತ್ತ ದಿನ ಕಳೆಯುವುದನ್ನು ಆ ಒಂದು ಮಾತು ತಪ್ಪಿಸುತ್ತದೆ.

ನೋಡುವ ಜಾಗಗಳಲ್ಲಿ ಉಂಚಳ್ಳಿ ಜಲಪಾತ ಎಲ್ಲರಿಗೂ ಗೊತ್ತು. ಅಘನಾಶಿನಿ 116 ಮೀಟರ್ ಧುಮುಕುತ್ತಾಳೆ, ನೋಡಲು ಕಟ್ಟೆಯಿದೆ. ಅದಕ್ಕಿಂತ ನಾವು ಮೇಲಿಡುವುದು ಕತ್ತಲೆಕಾನನ್ನು. ಹೆಸರಿಗೆ ತಕ್ಕ ಕಾಡು. ಅಲ್ಲಿಯ ರಾಮಪತ್ರೆ ಜಡ್ಡಿಯಲ್ಲಿ (ಜೌಗು ನೆಲದಲ್ಲಿ) ಮರದ ಬೇರುಗಳು ಉಸಿರಿಗಾಗಿ ಕೆಸರಿನಿಂದ ಮೊಣಕಾಲು ಮಡಚಿದಂತೆ ಮೇಲೆದ್ದಿವೆ. ಇಡೀ ಜಗತ್ತಿನಲ್ಲಿ ಕೆಲವೇ ಜಡ್ಡಿಗಳಲ್ಲಿ ಬೆಳೆಯುವ ಒಂದು ಗೇರು ಬಳಗದ ಮರಕ್ಕೆ ಸಸ್ಯಶಾಸ್ತ್ರಜ್ಞರು ಈ ಕಾನಿನ ಹೆಸರನ್ನೇ ಇಟ್ಟಿದ್ದಾರೆ. ಆ ಬೇರಿನ ಮೇಲೆ ಕಾಲಿಡಬಾರದು. ತುಳಿದು ಮುರಿದರೆ ಮರದ ಉಸಿರು ಅಷ್ಟು ಕಡಿಮೆ. ಜಡ್ಡಿಯ ಅಂಚಿನಲ್ಲಿ ನಿಂತು ನೋಡಿದರೆ ಸಾಕು, ಫೋಟೋಕ್ಕಾಗಿ ಒಳಗಿಳಿಯುವುದು ಬೇಡ.

ನಮ್ಮ ದೊಡ್ಡ ಆಕ್ಷೇಪ ರಸ್ತೆಯದು. ಹೊನ್ನಾವರದಿಂದ ಗೇರುಸೊಪ್ಪೆ, ಮಾವಿನಗುಂಡಿಯ ಮೇಲೆ ಹೋಗುವ ಹೆದ್ದಾರಿ ಇದೇ ಕಾಡನ್ನು ಸೀಳಿಕೊಂಡು ಹೋಗುತ್ತದೆ. ತಿರುವಿನಲ್ಲಿ ಗಾಡಿ ನಿಲ್ಲಿಸಿ ಬಿಸ್ಕೀಟು, ಬಾಳೆಹಣ್ಣು ಎಸೆದು ಹೋಗುವುದನ್ನು ದಯೆ ಎಂದುಕೊಂಡವರು ಬಹಳ. ಬಾದಾಮಿ ಗುಹೆಗಳ ಮುಂದೆ ಕೈಚೀಲ ಕಸಿಯುವ ಮಂಗಗಳನ್ನು ಕಂಡವರಿಗೆ ಮುಂದೇನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಮಂಗ ಊರಿನಲ್ಲೂ ಬಾಳುವ ಜಾತಿ, ಸಿಂಗಳೀಕ ಅಲ್ಲ. ತಮಿಳುನಾಡಿನ ವಾಲ್ಪಾರೈನ ಚಹಾ ತೋಟಗಳ ನಡುವೆ ಸಿಕ್ಕಿಕೊಂಡ ಕಾಡಿನ ತುಣುಕಿನಲ್ಲಿ ಸಿಂಗಳೀಕಗಳು ನೆಲಕ್ಕಿಳಿದು ರಸ್ತೆ ದಾಟುವುದನ್ನೂ ಮನೆಗೆ ನುಗ್ಗುವುದನ್ನೂ ಕಲಿತವು. ಅಲ್ಲಿ ಮರದಿಂದ ಮರಕ್ಕೆ ಸೇತುವೆ ಕಟ್ಟಿ, ರಸ್ತೆಯಲ್ಲಿ ಕಾವಲು ನಿಲ್ಲಿಸಿ ಕಾಪಾಡಬೇಕಾಯಿತು. ಇಲ್ಲಿ ಆ ಗತಿ ಬರುವ ಮುಂಚೆ ಮಾಡಬೇಕಾದ ಕೆಲಸ ಸರಳ: ರಸ್ತೆಯ ಎರಡೂ ಬದಿಯ ದೊಡ್ಡ ಮರಗಳ ನೆತ್ತಿ ಕೂಡಿರುವ ಕಡೆ ಕೊಂಬೆ ಕಡಿಯದಿರುವುದು, ಅಗಲ ಮಾಡುವಾಗ ಆ ಜಾಗಗಳನ್ನು ಬಿಡುವುದು, ತಿರುವುಗಳಲ್ಲಿ ವೇಗತಡೆ ಹಾಕುವುದು. ಇದೇ ಅಭಯಾರಣ್ಯದಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ, ಅಂದರೆ ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ ಯೋಜನೆಯ ಪ್ರಸ್ತಾಪವೂ ಇದೆ. ಸುರಂಗ ನೆಲದಡಿಯದು ಎಂದು ಸಮಾಧಾನ ಹೇಳುತ್ತಾರೆ. ಸುರಂಗದ ಬಾಯಿಗೆ ಲಾರಿ ಹೋಗುವ ರಸ್ತೆ ಮಾತ್ರ ನೆಲದ ಮೇಲೆಯೇ ಆಗಬೇಕು, ಕಾಡಿನ ನೆತ್ತಿಯಲ್ಲಿ ಸಂದು ಬೀಳುವುದು ಅಲ್ಲಿಯೇ.

ಕಾಡಿಗೆ ನಾವು ಐದಕ್ಕೆ ಐದು ಕೊಡುತ್ತೇವೆ. ಬರುವವರಿಗೆ ತಿಳಿಹೇಳುವ ವ್ಯವಸ್ಥೆಗೆ ಎರಡಕ್ಕಿಂತ ಹೆಚ್ಚು ಕೊಡಲು ಮನಸ್ಸಿಲ್ಲ. ಮುಸುವ ಯಾವುದು, ಸಿಂಗಳೀಕ ಯಾವುದು, ಏಕೆ ತಿನ್ನಿಸಬಾರದು ಎಂದು ಪ್ರತಿ ತಿರುವಿನಲ್ಲೂ ದೊಡ್ಡಕ್ಷರದ ಕನ್ನಡ ಫಲಕ ಬೇಕು. ಬೆಳಗಾವಿಯಿಂದ ಕುಂದಾ ಡಬ್ಬಿ, ಶೇಂಗಾ ಚಟ್ನಿ, ಕಡಕ್ ರೊಟ್ಟಿ ಕಟ್ಟಿಕೊಂಡು ಹೋಗುವವರು ಗಾಡಿಯೊಳಗೆ ಒಂದು ಖಾಲಿ ಗೋಣಿಚೀಲವನ್ನೂ ಇಟ್ಟುಕೊಳ್ಳಿ. ಬಾಳೆಹಣ್ಣಿನ ಸಿಪ್ಪೆಯೂ ಅದರೊಳಗೇ ಹೋಗಲಿ, ಕಿಟಕಿಯಿಂದ ಹೊರಗಲ್ಲ.