ಎರಡು ಕೆಲಸ ಬಿಟ್ಟು ಒಂದಕ್ಕೆ ಸೇರುವವರಿಗೆ ಜಯದೇವ ವೃತ್ತದ ಬಳಿಯ ಒಂದು ಆನ್‌ಲೈನ್ ಸೆಂಟರ್

ದಾವಣಗೆರೆಯ ಜಯದೇವ ವೃತ್ತದಿಂದ ಸ್ವಲ್ಪ ಒಳಗೆ, ಅಡ್ಡರಸ್ತೆಯೊಂದರಲ್ಲಿ, ಝೆರಾಕ್ಸ್, ಟೈಪಿಂಗ್ ಮತ್ತು ಆನ್‌ಲೈನ್ ಅರ್ಜಿಗಳ ಪುಟ್ಟ ಅಂಗಡಿಯೊಂದಿದೆ. ಎರಡು ಕಂಪ್ಯೂಟರ್, ಒಂದು ಝೆರಾಕ್ಸ್ ಯಂತ್ರ, ಗೋಡೆಗೆ ಒತ್ತಿ ಹಾಕಿದ ಒಂದು ಬೆಂಚು. ನೋಡುವುದಕ್ಕೆ ಈ ಊರಿನ ಇಂಥ ಬೇರೆ ಅಂಗಡಿಗಳಿಗಿಂತ ಹೆಚ್ಚಿನದೇನೂ ಇಲ್ಲ. ಹಗಲು ಖಾಸಗಿ ಪ್ರೌಢಶಾಲೆಯಲ್ಲಿ ಪಾಠ, ಸಂಜೆಯಾದ ಮೇಲೆ ಎಪಿಎಂಸಿ ಪ್ರಾಂಗಣದ ಮಂಡಿಯೊಂದರಲ್ಲಿ ಕಿರ್ದಿ ಬರೆಯುವ ಕೆಲಸ, ಹೀಗೆ ವರ್ಷಗಟ್ಟಲೆ ಎರಡು ಕಡೆ ದುಡಿದು ಕೊನೆಗೆ ಸರ್ಕಾರಿ ಶಾಲೆಯ ಶಿಕ್ಷಕ ಹುದ್ದೆಗೆ ಸೇರಿದ ನಾನು, ಅರ್ಜಿ ಹಾಕಿದಂದಿನಿಂದ ಹಾಜರಾಗುವವರೆಗಿನ ಕಾಗದದ ಕೆಲಸವನ್ನೆಲ್ಲ ಇಲ್ಲಿಯೇ ಮಾಡಿಸಿದೆ. ಟೈಪಿಂಗ್ ಯಾರು ಬೇಕಾದರೂ ಮಾಡಿಕೊಡುತ್ತಾರೆ. ಯಾವ ಕಾಗದ ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂದು ಹೇಳುವವರು ಅಪರೂಪ. ಅಂಗಡಿಯ ನಿಜವಾದ ಬೆಲೆ ಇರುವುದು ಆ ತಿಳಿವಳಿಕೆಯಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ. ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತನೇ ತರಗತಿಯವರೆಗಿನ ವ್ಯಾಸಂಗದ ದಾಖಲೆ ಬೇಕು, ಮತ್ತು ಪ್ರಮಾಣಪತ್ರದ ದಿನಾಂಕ ಅರ್ಜಿಯ ಕೊನೆಯ ದಿನಾಂಕದೊಳಗೆ ಇರಬೇಕು. ಜಗಳೂರು ತಾಲ್ಲೂಕಿನ ಹಳ್ಳಿಯಲ್ಲಿ ಓದಿದ ನನ್ನ ಪ್ರಾಥಮಿಕ ಶಾಲೆಯ ದಾಖಲೆಯಲ್ಲಿ ಜಿಲ್ಲೆ ಚಿತ್ರದುರ್ಗ ಎಂದಿದೆ, ಆಧಾರ್‌ನಲ್ಲಿ ದಾವಣಗೆರೆ ಎಂದಿದೆ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಶಾಲೆಗೆ ಸೇರಿದ ನಮ್ಮಂಥವರಿಗೆಲ್ಲ ಈ ತೊಡಕು ಇದ್ದದ್ದೇ. ಅಂಗಡಿಯ ಮಾಲೀಕರು ದಾಖಲೆಯನ್ನು ಒಮ್ಮೆ ನೋಡಿದವರೇ, ನಾನು ಕೇಳುವ ಮೊದಲೇ, ನಮೂನೆಯಲ್ಲಿ ತಾಲ್ಲೂಕಿನ ಹೆಸರಿನ ಮುಂದೆ ‘ಹಿಂದಿನ ಚಿತ್ರದುರ್ಗ ಜಿಲ್ಲೆ’ ಎಂದು ಸೇರಿಸಿ, ಮುಖ್ಯೋಪಾಧ್ಯಾಯರ ಸಹಿಯ ಕೆಳಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜುವಿಗೆ ಜಾಗ ಬಿಟ್ಟು ಮುದ್ರಿಸಿ ಕೊಟ್ಟರು. ಹರಪನಹಳ್ಳಿಯಿಂದ ಬಂದಿದ್ದ ಹುಡುಗನಿಗೆ ಇದೇ ಬೆಂಚಿನ ಮೇಲೆ ಬೇರೆಯದೇ ಉಪದೇಶ ನಡೆದಿತ್ತು, ಏಕೆಂದರೆ ದಾವಣಗೆರೆ ಜಿಲ್ಲೆಯಿಂದ ಬಿಟ್ಟುಹೋದ ಆ ತಾಲ್ಲೂಕಿಗೆ ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗಿರುವ ನೇಮಕಾತಿ ಮೀಸಲಾತಿ ಸೌಲಭ್ಯ ಅನ್ವಯಿಸುತ್ತದೆ, ನಮಗೆ ಇಲ್ಲ.

ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದ ಸಂಭ್ರಮದಲ್ಲಿ ಶಾಲೆಗೆ ಕೊಡುವ ರಾಜೀನಾಮೆ ಪತ್ರವನ್ನು ಟೈಪ್ ಮಾಡಿಸಲು ಹೋದಾಗ ಅವರು ಕೀಲಿಮಣೆಯಿಂದ ಕೈ ತೆಗೆದು, “ಮೇಷ್ಟ್ರೇ, ಆರ್ಡರ್ ಕೈಗೆ ಬರೋ ತನಕ ಎಲ್ಲೂ ರಾಜೀನಾಮೆ ಕೊಡಬ್ಯಾಡ್ರಿ, ಪಟ್ಟಿ ಅಂದ್ರೆ ಪಟ್ಟಿ ಅಷ್ಟೇ” ಎಂದರು. ಬಂದ ಗಿರಾಕಿಯನ್ನು ಕೆಲಸ ಮಾಡಿಸದೆ ವಾಪಸು ಕಳಿಸುವ ಅಂಗಡಿ ಎಷ್ಟಿವೆ? ಆಯ್ಕೆ ಪಟ್ಟಿಗೂ ನೇಮಕಾತಿ ಆದೇಶಕ್ಕೂ ನಡುವೆ ಜಾತಿ ಪ್ರಮಾಣಪತ್ರದ ಸಿಂಧುತ್ವ, ಪೊಲೀಸ್ ಪರಿಶೀಲನೆ, ವೈದ್ಯಕೀಯ ಪ್ರಮಾಣಪತ್ರ ಎಂದು ತಿಂಗಳುಗಳು ಹೋಗುತ್ತವೆ, ಅಷ್ಟು ದಿನ ಸಂಬಳವಿಲ್ಲದೆ ಕೂರುವುದು ಎರಡು ಕಡೆ ದುಡಿದು ಮನೆ ನಡೆಸುವವನಿಗೆ ಆಗದ ಮಾತು. ಆದೇಶ ಬಂದ ಮೇಲೆ ಅವರೇ ಕೂತು ಪತ್ರ ಬರೆಸಿದರು. ಬಿಡುಗಡೆಯ ದಿನಾಂಕ ಹಾಜರಾಗುವ ದಿನಕ್ಕಿಂತ ಮೊದಲಿನದಾಗಿರಬೇಕು, ಒಂದೇ ದಿನ ಎರಡು ಹಾಜರಿ ಪುಸ್ತಕದಲ್ಲಿ ಸಹಿ ಬೀಳಬಾರದು ಎಂಬುದನ್ನು ಒತ್ತಿ ಹೇಳಿದರು. ಮಂಡಿಯ ಕಡೆ ಪತ್ರದ ಗೊಡವೆ ಇರಲಿಲ್ಲ. ಮೆಕ್ಕೆಜೋಳದ ಸುಗ್ಗಿ ಮುಗಿದಿತ್ತು, ಕಿರ್ದಿ ಖಾತೆ ತಾಳೆ ನೋಡಿ ಸಾಹುಕಾರರಿಗೆ ಒಪ್ಪಿಸಿದರೆ ಅಲ್ಲಿಗೆ ಆಯಿತು.

ಇಲ್ಲಿ ಬಂದವರು ಹೆಚ್ಚಾಗಿ ಕೇಳುವುದು ಪಿಎಫ್ (ಭವಿಷ್ಯನಿಧಿ) ವಿಚಾರ. 20 ಜನರಿಗಿಂತ ಕಡಿಮೆ ಕೆಲಸಗಾರರಿರುವ ಮಂಡಿಯಲ್ಲಿ ಪಿಎಫ್ ಇರಲಿಲ್ಲ, ಶಾಲೆಯಲ್ಲಿ ಇತ್ತು. ಕೆಲಸ ಬಿಟ್ಟ ಕೂಡಲೇ ದುಡ್ಡು ತೆಗೆಯುವುದು ಎಲ್ಲರ ಮೊದಲ ಯೋಚನೆ, ನನ್ನದೂ ಅದೇ. ಐದು ವರ್ಷದ ನಿರಂತರ ಸೇವೆ ತುಂಬುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ, ವಂತಿಗೆ ನಿಂತ ಮಾತ್ರಕ್ಕೆ ಬಡ್ಡಿ ನಿಲ್ಲುವುದಿಲ್ಲ, 2024-25ಕ್ಕೆ ಶೇ. 8.25 ಬಡ್ಡಿ ಇತ್ತು ಎಂಬುದನ್ನು ಮಾಲೀಕರು ಚೀಟಿಯ ಹಿಂದೆ ಬರೆದು ತೋರಿಸಿದರು. ಹಳೆಯ ಸಂಸ್ಥೆ ಬಿಟ್ಟ ದಿನಾಂಕವನ್ನು ನಮೂದಿಸದೆ ಸತಾಯಿಸಿದರೆ, ಕೊನೆಯ ವಂತಿಗೆಯಾಗಿ ಎರಡು ತಿಂಗಳು ಕಳೆದ ಮೇಲೆ ಸದಸ್ಯನೇ ಆಧಾರ್ ಒಟಿಪಿ ಮೂಲಕ ಅದನ್ನು ದಾಖಲಿಸಬಹುದು. ಬಹಳ ಜನಕ್ಕೆ ಈ ದಾರಿ ಗೊತ್ತಿಲ್ಲ. ನನಗೆ ಅದರ ಅಗತ್ಯ ಬೀಳಲಿಲ್ಲ.

ಎನ್‌ಪಿಎಸ್ ಪಿಂಚಣಿ, ಕೆಜಿಐಡಿ ಎಂಬ ಸರ್ಕಾರಿ ನೌಕರರ ವಿಮೆ ಇವೆಲ್ಲ ಸೇರಿದ ಮೇಲಿನ ಕೆಲಸ, ಈಗಲೇ ನಮೂನೆಗಳಿಗೆ ದುಡ್ಡು ಸುರಿಯಬೇಡಿ ಎಂದು ಅವರು ಹೇಳಿದ್ದೂ ಸರಿಯೇ. ಆದರೆ ಒಂದು ಮಾತನ್ನು ಅವರು ಹಗುರವಾಗಿ ತೆಗೆದುಕೊಂಡರು. ಸಂಜೆಯ ಲೆಕ್ಕದ ಕೆಲಸವನ್ನು ಹಾಗೇ ಇಟ್ಟುಕೊಳ್ಳಿ, ಯಾರು ನೋಡುತ್ತಾರೆ ಎಂದರು. ನಾಗರಿಕ ಸೇವಾ ನಡತೆ ನಿಯಮಗಳ ಪ್ರಕಾರ ಸರ್ಕಾರಿ ನೌಕರ ಅನುಮತಿಯಿಲ್ಲದೆ ಖಾಸಗಿ ಉದ್ಯೋಗ ಮಾಡುವಂತಿಲ್ಲ, ಅದರಲ್ಲೂ ಮೊದಲ ಎರಡು ವರ್ಷ ಪರಿವೀಕ್ಷಣಾ ಅವಧಿ. ಕಾಗದದ ವಿಷಯದಲ್ಲಿ ಅವರ ಮಾತು ಕೇಳಿ, ಇಂಥ ಸಲಹೆಯನ್ನು ಅಲ್ಲೇ ಬಿಟ್ಟು ಬನ್ನಿ. ರಾತ್ರಿ ಊಟವನ್ನು ಮನೆಯವರ ಜೊತೆ ಕೂತು ಮಾಡಬೇಕೆಂದೇ ಈ ಹುದ್ದೆಗೆ ಹಂಬಲಿಸಿದ ನನಗಂತೂ ಆ ಸಲಹೆ ರುಚಿಸಲಿಲ್ಲ.

ದೊಡ್ಡ ದೂರು ಒಂದಿದೆ. ಗಿರಾಕಿಗಳ ಪಾಸ್‌ವರ್ಡ್‌ಗಳನ್ನು ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಹೆಸರು, ಮೊಬೈಲ್ ನಂಬರ್ ಸಮೇತ ಬರೆದಿಡುತ್ತಾರೆ, ಆ ಪುಸ್ತಕ ಎಲ್ಲರ ಕೈಗೆ ಎಟಕುವಂತೆ ಮೇಜಿನ ಮೇಲೆಯೇ ಬಿದ್ದಿರುತ್ತದೆ. ಮರೆತು ಬರುವವರಿಗೆ ಅನುಕೂಲವಾಗಲೆಂದು ಮಾಡಿದ್ದಾರೆ, ಉದ್ದೇಶ ಒಳ್ಳೆಯದೇ, ಆದರೂ ಪಿಎಫ್ ಖಾತೆಯ ಪಾಸ್‌ವರ್ಡ್ ಹಾಗಿರುವುದು ಸರಿಯಲ್ಲ. ನಾನು ಹೇಳಿದ ಮೇಲೆ ನನ್ನ ಸಾಲನ್ನು ಮಾತ್ರ ಪೆನ್ನಿನಿಂದ ಗೀಚಿ ಹಾಕಿದರು. ಉಳಿದವರದು ಹಾಗೇ ಇದೆ. ರಸೀದಿ ಕೇಳಿದರೆ ನಗುತ್ತಾರೆ. ದರ ಮಾತ್ರ ನ್ಯಾಯವಾದದ್ದು, ಮತ್ತು ತಾವೇ ಮಾಡಿದ ತಪ್ಪಿಗೆ ಮತ್ತೆ ಮುದ್ರಿಸಿದರೆ ಕಾಸು ತೆಗೆದುಕೊಳ್ಳುವುದಿಲ್ಲ.

ಯಾವುದಾದರೂ ನೇಮಕಾತಿ ಅರ್ಜಿಯ ಕೊನೆಯ ದಿನಗಳಲ್ಲಿ ಅತ್ತ ಹೋಗದಿರುವುದು ಒಳ್ಳೆಯದು, ನಿಲ್ಲಲೂ ಜಾಗ ಇರುವುದಿಲ್ಲ. ಬೆಳಿಗ್ಗೆ ಬಾಗಿಲು ತೆಗೆದ ಮೊದಲ ಗಂಟೆಯಲ್ಲಿ ಮಾಲೀಕರೇ ಕೂತಿರುತ್ತಾರೆ. ಮಧ್ಯಾಹ್ನದ ಮೇಲೆ ಕೂರುವ ಹುಡುಗನಿಗೆ ಟೈಪಿಂಗ್ ಬರುತ್ತದೆಯೇ ಹೊರತು ಈ ತಿಳಿವಳಿಕೆ ಇಲ್ಲ. ಪಿಎಫ್ ಕೆಲಸಕ್ಕೆ ಹೋಗುವವರು ಆಧಾರ್‌ಗೆ ಜೋಡಿಸಿದ ಮೊಬೈಲನ್ನು ಮರೆಯದೆ ಜೊತೆಗೆ ಒಯ್ಯಿರಿ, ಪಾಸ್‌ವರ್ಡನ್ನು ನೀವೇ ಒತ್ತಿರಿ.