ಪಕ್ಕದ ಸೈಟ್‌ನವರು "ಫಾರ್ಮಾಲಿಟಿಗೆ ಒಂದ್ ಸೈನ್" ಅಂದ್ರೆ ಹಾಕೋಕೆ ಮುಂಚೆ ಇದನ್ನ ಓದಿ

ಎರಡು ವರ್ಷದ ಹಿಂದೆ, ಗೌರಿ ಹಬ್ಬಕ್ಕೆ ಒಂದ್ ದಿನ ಮುಂಚೆ, ಪಕ್ಕದ ಮನೆಯವರು ಒಂದು ಪೇಪರ್ ಹಿಡ್ಕೊಂಡು ಬಂದ್ರು. "ಮೇಷ್ಟ್ರೇ, ಲೋನ್ ಕೆಲ್ಸಕ್ಕೆ ಅಕ್ಕಪಕ್ಕದವರ ಸಹಿ ಬೇಕಂತೆ, ಫಾರ್ಮಾಲಿಟಿ ಅಷ್ಟೆ" ಅಂದ್ರು. ನಮ್ಮಪ್ಪ ರಿಟೈರ್ಡ್ ಮೇಷ್ಟ್ರು, ಎಷ್ಟೋ ವರ್ಷದಿಂದ ಅವರ ಜೊತೆ ಒಂದು ಮಾತೂ ಹೆಚ್ಚುಕಮ್ಮಿ ಆಗಿಲ್ಲ. ಕನ್ನಡಕ ಕೂಡ ಹಾಕ್ಕೊಳ್ದೆ ಸೈನ್ ಹಾಕಿ, ಕಾಫಿ ಕುಡಿಸಿ ಕಳಿಸಿದ್ರು. ನಾನು ಅಲ್ಲೇ ಇದ್ದೆ, ನಾನೂ ಓದ್ಲಿಲ್ಲ.

ಈಗ ಆ ಮನೆ ಇದ್ದ ಜಾಗದಲ್ಲಿ ಪಾರ್ಟಿ ಹಾಲ್ ಇದೆ. ನಮ್ಮದು 30 ಅಡಿ ರಸ್ತೆ, ಮುಹೂರ್ತ ಇದ್ದ ದಿನ ನಮ್ಮ ಗೇಟ್ ಮುಂದೆ ಕಾರು ನಿಲ್ಲಿಸಿ ಹೋದ್ರೆ ಮಧ್ಯಾಹ್ನದ ತನಕ ಸ್ಕೂಟರ್ ಕೂಡ ಆಚೆ ತೆಗೆಯೋಕಾಗಲ್ಲ, ಅಡುಗೆಯವರ ಒಲೆ ನಮ್ಮ ಕಾಂಪೌಂಡ್ ಗೋಡೆಗೆ ಅಂಟ್ಕೊಂಡ ಹಾಗಿದೆ, ಜನರೇಟರ್ ಅಪ್ಪನ ರೂಮಿನ ಕಿಟಕಿ ಪಕ್ಕಕ್ಕೇ ಬಂದಿದೆ. ಅಪ್ಪನಿಗೆ ಬಿಪಿ ಇದೆ, ರಾತ್ರಿ ನಿದ್ದೆ ಇಲ್ಲ. ಹೋದ ತಿಂಗಳು ಒಂದ್ಸಲ ಆಂಬ್ಯುಲೆನ್ಸ್ ಕರೆಸಿದ್ವಿ, ಅದು ರಸ್ತೆ ತಿರುವಲ್ಲೇ ನಿಂತು, ಅಪ್ಪನ್ನ ಚೇರ್ ಮೇಲೆ ಕೂರಿಸ್ಕೊಂಡು ಅಲ್ಲೀವರೆಗೂ ಎತ್ಕೊಂಡು ಹೋದ್ವಿ.

ಕೆಲಸ ಶುರುವಾದಾಗ ನಾನು ಧೈರ್ಯವಾಗೇ ಇದ್ದೆ. ಪಕ್ಕದ ಜಾಗ ವಾಸದ ಬಳಕೆಯಿಂದ ವಾಣಿಜ್ಯಕ್ಕೆ ಬದಲಾಗ್ಬೇಕಾದ್ರೆ ನಮಗೊಂದು ನೋಟಿಸ್ ಬಂದೇ ಬರುತ್ತೆ, ಆಗ ನೋಡ್ಕೊಳ್ಳೋಣ ಅಂದ್ಕೊಂಡಿದ್ದೆ. ಯಾಕಂದ್ರೆ ಊರಲ್ಲಿ ಜಮೀನಿನ ಹದ್ದುಬಸ್ತು (ಗಡಿ ಅಳತೆ) ಮಾಡಿಸುವಾಗ ಸರ್ವೆಯವರು ಅಕ್ಕಪಕ್ಕದ ಹಿಡುವಳಿದಾರರಿಗೆಲ್ಲ ನೋಟಿಸ್ ಕೊಟ್ಟಿದ್ದನ್ನ ನೋಡಿದ್ದೆ. ಕ್ರಯಪತ್ರದ ಚಕ್ಕುಬಂದಿಯಲ್ಲೂ ಪೂರ್ವಕ್ಕೆ ಇಂಥವರ ಸ್ವತ್ತು, ಪಶ್ಚಿಮಕ್ಕೆ ಇಂಥವರದ್ದು ಅಂತ ಬರೆದೇ ಇರುತ್ತಲ್ಲ, ಹಾಗಿದ್ಮೇಲೆ ನಮ್ಮನ್ನ ಕೇಳ್ದೆ ಹೇಗೆ ಮಾಡ್ತಾರೆ ಅನ್ನೋ ನಂಬಿಕೆ. ನಾನು ಮುಗ್ಗರಿಸಿದ್ದು ಇಲ್ಲೇ, ನೀವು ದಯವಿಟ್ಟು ಮುಗ್ಗರಿಸಬೇಡಿ.

ನಮ್ಮ ರಾಜ್ಯದಲ್ಲಿ ಮಹಾಯೋಜನೆಯಲ್ಲಿರೋ (ಮಾಸ್ಟರ್ ಪ್ಲಾನ್) ಭೂ ಉಪಯೋಗ ಬದಲಾಯಿಸೋದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಯ ಕಲಂ 14-ಎ ಪ್ರಕಾರ. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಬೇರೆ ಕಾನೂನಿಗೆ ವಿರುದ್ಧ ಇರಬಾರದು, ಮತ್ತೆ ಆ ಭಾಗದಲ್ಲಿ ಓಡಾಡೋ ಒಂದು ಅಥವಾ ಹೆಚ್ಚು ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕನಿಷ್ಠ 15 ದಿನ ಆಕ್ಷೇಪಣೆಗೆ ಅವಕಾಶ ಕೊಡಬೇಕು ಅಂತ ಅಲ್ಲಿದೆ. ಗಮನಿಸಿ, ಆಕ್ಷೇಪಣೆ ಕೇಳೋದು "ಸಾರ್ವಜನಿಕರಿಂದ". ಗೋಡೆ ಹಂಚ್ಕೊಂಡಿರೋ ಪಕ್ಕದ ಮನೆಯವರಿಗೆ ಅಂಚೆಯಲ್ಲಿ ಪ್ರತ್ಯೇಕ ಪತ್ರ ಕಳಿಸಬೇಕು ಅಂತ ಆ ಕಲಂನಲ್ಲಿ ಇಲ್ಲ. ನಮ್ಮ ಪ್ರಕಟಣೆ ಬಂದಿದ್ದು ನಮ್ಮ ಬೀದಿಯಲ್ಲಿ ಯಾರೂ ತರಿಸದ ಒಂದು ಸಣ್ಣ ಪತ್ರಿಕೆಯಲ್ಲಿ, ಒಳಪುಟದಲ್ಲಿ, ಸರ್ವೆ ನಂಬರು ಮತ್ತು ಗುಂಟೆ ಲೆಕ್ಕದಲ್ಲಿ. ಕಣ್ಣಿಗೆ ಬಿದ್ದಿದ್ರೂ ಅದು ಪಕ್ಕದ ಮನೆ ಅಂತ ನನಗೆ ಗೊತ್ತಾಗ್ತಿರ್ಲಿಲ್ಲ, ಯಾಕಂದ್ರೆ ನಮಗೆಲ್ಲ ಗೊತ್ತಿರೋದು ಸೈಟ್ ನಂಬರು, ಲೇಔಟ್ ಆಗೋಕೆ ಮುಂಚಿನ ಸರ್ವೆ ನಂಬರು ಯಾರಿಗೆ ನೆನಪಿರುತ್ತೆ.

ಆಮೇಲೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಫೈಲ್ ಕಾಪಿ ತರಿಸಿದೆ. ಟಿಪ್ಪಣಿ ಹಾಳೆಯಲ್ಲಿ ಎರಡು ಸಾಲು. ನಿಗದಿತ ಅವಧಿಯಲ್ಲಿ ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ. ಪಕ್ಕದ ನಿವೇಶನದಾರರ ಒಪ್ಪಿಗೆ ಪತ್ರ ಲಗತ್ತಿಸಿದೆ. ಲಗತ್ತಿನಲ್ಲಿ ಅಪ್ಪನ ಸಹಿ. ಅಪ್ಪನಿಗೆ ಅದನ್ನ ತೋರಿಸಿದಾಗ ತುಂಬಾ ಹೊತ್ತು ಮಾತೇ ಆಡ್ಲಿಲ್ಲ, "ನಾನೇ ಬರ್ಕೊಟ್ನಾ" ಅಂತ ಒಂದೇ ಮಾತು.

ಲಾಯರ್ ಹತ್ರ ಹೋದಾಗ ಗೊತ್ತಾಗಿದ್ದನ್ನೂ ಹೇಳ್ಬೇಕು, ಯಾಕಂದ್ರೆ ಪಕ್ಕದವರಿಗೆ ಹಕ್ಕೇ ಇಲ್ಲ ಅಂತ ಯಾರೂ ತಿಳ್ಕೊಬಾರ್ದು. ನಮ್ಮ ಉಡುಪಿಯದ್ದೇ ಒಂದು ಕೇಸ್ ಇದೆ, 1974ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದಿದ್ದು. ವಾಸದ ಪ್ರದೇಶದಲ್ಲಿ ಕಲ್ಯಾಣ ಮಂಟಪ ಮತ್ತು ಉಪನ್ಯಾಸ ಭವನ ಅಂತ ಲೈಸೆನ್ಸ್ ತಗೊಂಡಿದ್ದ ಜಾಗದಲ್ಲಿ ಸಿನಿಮಾ ಟಾಕೀಸ್ ಕಟ್ಟೋಕೆ ಪುರಸಭೆ ಒಪ್ಪಿಗೆ ಕೊಟ್ಟಿತ್ತು, ಅಲ್ಲಿನ ನಿವಾಸಿಯೊಬ್ಬರು ಕೋರ್ಟಿಗೆ ಹೋದ್ರು. ಪುರಸಭೆಯ ನಿರ್ಣಯ ತಪ್ಪು ಅಂತ ಹೈಕೋರ್ಟೇ ಹೇಳಿದ್ರೂ, ಕಟ್ಟೋರು ಆಗಲೇ ತುಂಬಾ ಖರ್ಚು ಮಾಡಿದಾರೆ ಅಂತ ಅದನ್ನ ರದ್ದು ಮಾಡದೆ ಬಿಟ್ಟಿತ್ತು. ಸುಪ್ರೀಂ ಕೋರ್ಟ್ ಅದನ್ನ ಒಪ್ಲಿಲ್ಲ. ಯೋಜನೆ ಮಾಡಿರೋದು ನಿವಾಸಿಗಳಿಗೋಸ್ಕರ, ಅದನ್ನ ಪಾಲಿಸೋದು ಪುರಸಭೆಯ ಕರ್ತವ್ಯ, ಅಕ್ರಮ ಕಟ್ಟಡದಿಂದ ಅಲ್ಲಿ ವಾಸ ಇರೋರ ಹಕ್ಕಿಗೆ ನೇರವಾಗಿ ಪೆಟ್ಟು ಬೀಳುತ್ತೆ ಅಂತ ಹೇಳ್ತು. 1991ರಲ್ಲಿ ಬೆಂಗಳೂರಿನ ಸದಾಶಿವನಗರದಲ್ಲಿ ಪಾರ್ಕಿಗೆ ಬಿಟ್ಟಿದ್ದ ಜಾಗವನ್ನ ನರ್ಸಿಂಗ್ ಹೋಮ್‌ಗೆ ಕೊಟ್ಟ ಕೇಸಲ್ಲೂ ಅಲ್ಲಿನ ನಿವಾಸಿಗಳು ಪ್ರಶ್ನೆ ಮಾಡಬಹುದು ಅಂತಲೇ ತೀರ್ಪು. ಆದ್ರೆ 1976ರ ಇನ್ನೊಂದು ಕೇಸಲ್ಲಿ, ಹೊಸ ಟಾಕೀಸ್ ಬಂದ್ರೆ ನನ್ನ ವ್ಯಾಪಾರ ಹೋಗುತ್ತೆ ಅಂತ ಬಂದ ಹಳೇ ಟಾಕೀಸ್ ಮಾಲೀಕರ ಅರ್ಜಿ ನಿಲ್ಲಲಿಲ್ಲ. ಅಂದ್ರೆ ಪಕ್ಕದಲ್ಲಿ ಬದುಕೋರ ತೊಂದರೆ ಬೇರೆ, ಪೈಪೋಟಿ ವ್ಯಾಪಾರದ ನಷ್ಟ ಬೇರೆ.

ಹಾಗಂತ ಪಕ್ಕದವರು ಬೇಡ ಅಂದ್ರೆ ಅಷ್ಟಕ್ಕೇ ಪರ್ಮಿಷನ್ ನಿಂತುಬಿಡಲ್ಲ. ನಾನು ಮೊದಲು ಬರೆದ ಅರ್ಜಿಯಲ್ಲಿ ಶಾಂತಿ ಹೋಯ್ತು, ಪ್ರೈವೆಸಿ ಹೋಯ್ತು ಅಂತ ಎರಡು ಪುಟ ತುಂಬಿಸಿದ್ದೆ, ಲಾಯರ್ ಅಷ್ಟನ್ನೂ ಹೊಡೆದು ಹಾಕಿ ರಸ್ತೆ ಅಗಲ, ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಜಾಗ), ಪಾರ್ಕಿಂಗ್ ಇಲ್ಲದಿರೋದು, ಮಹಾಯೋಜನೆಯಲ್ಲಿ ನಮ್ಮ ಬೀದಿ ವಾಸದ ವಲಯ ಅನ್ನೋದು, ಇದರಲ್ಲಿ ಸಾರ್ವಜನಿಕ ಹಿತ ಎಲ್ಲಿದೆ ಅನ್ನೋ ಪ್ರಶ್ನೆ, ಇಷ್ಟೇ ಉಳಿಸಿದ್ರು. ಗಾಳಿ ಬೆಳಕಿನ ಹಕ್ಕು ಕೇಳಬೇಕಂದ್ರೆ ಅದು 1882ರ ಈಸ್‌ಮೆಂಟ್ (ಅನುಭೋಗದ ಹಕ್ಕು) ಕಾಯ್ದೆಯ ಬೇರೆ ಸಿವಿಲ್ ದಾವೆ, 20 ವರ್ಷ ತಡೆಯಿಲ್ಲದೆ ಅನುಭವಿಸಿರಬೇಕು. ನಮ್ಮ ಮನೆಗೆ ಹದಿನೆಂಟು.

ಹೈಕೋರ್ಟಲ್ಲಿ ರಿಟ್ ಅರ್ಜಿ ಹಾಕಿದ್ದೀವಿ. ಎದುರು ಪಕ್ಷದವರು ಮೊದಲನೇ ದಿನವೇ ಕೋರ್ಟಿಗೆ ತೋರಿಸಿದ್ದು ಅಪ್ಪನ ಸಹಿ. ಕಾನೂನು ಮೀರಿ ಕೊಟ್ಟ ಪರ್ಮಿಷನ್ ಪಕ್ಕದವರ ಒಪ್ಪಿಗೆಯಿಂದ ಸರಿಯಾಗಿಬಿಡಲ್ಲ ಅಂತ ನಮ್ಮ ಲಾಯರ್ ವಾದ, ಆದ್ರೂ ಆ ಕಾಗದ ನಮ್ಮ ಕಾಲಿಗೆ ಕಟ್ಟಿದ ಕಲ್ಲು. ಒಳ್ಳೆ ಸಂಬಂಧ ಕೆಡಬಾರ್ದು ಅಂತ ಹಾಕಿದ ಸಹಿ ಅದು. ಈಗ ಎರಡೂ ಮನೆಯವರು ಮುಖ ಕೊಟ್ಟು ಮಾತಾಡಲ್ಲ.

ಹೋದ ವಾರ ಹಿಂದಿನ ರಸ್ತೆಯ ಆಂಟಿ ಫೋನ್ ಮಾಡಿದ್ರು. ಅವರ ಪಕ್ಕದ ಖಾಲಿ ಸೈಟಿಗೂ ಹೀಗೇ ಸಹಿ ಕೇಳ್ಕೊಂಡು ಬಂದಿದಾರೆ. "ಏನೂ ಮಾಡ್ಬೇಡಿ ಆಂಟಿ, ಓದಿ ಹೇಳ್ತೀವಿ ಅಂತ ಪೇಪರ್ ಇಸ್ಕೊಂಡು ಫೋಟೋ ತೆಗೀರಿ" ಅಂದೆ. ಅವರ ಕ್ರಯಪತ್ರ ತೆಗೆಸಿ ಹಳೇ ಸರ್ವೆ ನಂಬರ್ ಬರ್ಕೊಂಡು, ಯೋಜನಾ ಪ್ರಾಧಿಕಾರದ ಆಫೀಸಿಗೇ ಹೋಗಿ ಆ ನಂಬರಿಗೆ ಪ್ರಕಟಣೆ ಆಗಿದೆಯಾ ಅಂತ ಕೇಳಿದ್ವಿ. ಆಗಿತ್ತು, 15ರಲ್ಲಿ 11ನೇ ದಿನ. ಅವತ್ತೇ ರಾತ್ರಿ ಕೂತು ಬರೆದು ಒಂಬತ್ತು ಮನೆಯವರು ಸಹಿ ಹಾಕಿ, ಮಾರನೇ ದಿನ ಆ ಆಫೀಸಿನ ಟಪಾಲು ವಿಭಾಗಕ್ಕೆ ಕೊಟ್ಟು, ನಮ್ಮ ಕಾಪಿ ಮೇಲೆ ತಾರೀಖಿನ ಸೀಲ್ ಒತ್ತಿಸ್ಕೊಂಡೇ ಬಂದ್ವಿ. ಎಲ್ಲರಿಗಿಂತ ಮೇಲೆ ಅಪ್ಪನ ಸಹಿ ಇದೆ, ಈ ಸಲ ಕನ್ನಡಕ ಹಾಕ್ಕೊಂಡು ಎರಡೆರಡು ಸಲ ಓದಿದ್ರು.